ಮಕ್ಕಳನ್ನು ಬೆಟ್ಟ, ಕಾಡು, ಕಡಲಿಗೆ ಕರೆದೊಯ್ಯುವ ಶಿಕ್ಷಕರಿಗೆ ಯಾವ ತರಬೇತಿ ಬೇಕು? ಎಲ್ಲಿ ಸಿಗುತ್ತದೆ? ಇಲ್ಲಿದೆ ಪೂರ್ಣ ವಿವರ

ನವದೆಹಲಿ: 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಲುಕಿತು. ಕರ್ನಾಟಕದವರೇ ಹೆಚ್ಚಿದ್ದ ಆ ತಂಡದಲ್ಲಿ 9 ಮಂದಿ ಮನೆಗೆ ಮರಳಲಿಲ್ಲ. ಅದೇ ವರ್ಷ ಡಿಸೆಂಬರ್ 10ರಂದು ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಮೃತಪಟ್ಟರು.

ಒಂದು ವಯಸ್ಕರ ಹಿಮಾಲಯ ಚಾರಣ, ಇನ್ನೊಂದು ಶಾಲಾ ಮಕ್ಕಳ ಪ್ರವಾಸ. ಎರಡರ ಹಿನ್ನೆಲೆಯೂ, ಕಾರಣಗಳೂ ಬೇರೆ ಬೇರೆ. ಆದರೆ ಇಂಥ ಸುದ್ದಿ ಓದಿದ ಪ್ರತಿಯೊಬ್ಬ ಪೋಷಕರ ಮನಸ್ಸಿನಲ್ಲೂ ಏಳುವ ಪ್ರಶ್ನೆ ಒಂದೇ. ಹೊರಗೆ ಕರೆದುಕೊಂಡು ಹೋಗುವವರಿಗೆ ಹೊರಗಿನ ಜಗತ್ತು ಎಷ್ಟು ಗೊತ್ತು?

ಈ ಪ್ರಶ್ನೆಗೆ ಉತ್ತರ ಕೊಡುವ ಒಂದು ವೃತ್ತಿಯೇ ಇದೆ. ಅದು ಹೊರಾಂಗಣ ಸಾಹಸ ಶಿಕ್ಷಕರ ವೃತ್ತಿ. ಇದಕ್ಕೆ ಬೇಕಾದ ತರಬೇತಿ ಏನು, ಎಲ್ಲೆಲ್ಲಿ ಸಿಗುತ್ತದೆ, ದೆಹಲಿಯಲ್ಲಿರುವ ಕನ್ನಡಿಗರು ಎಲ್ಲಿಂದ ಆರಂಭಿಸಬಹುದು, ಕರ್ನಾಟಕದಲ್ಲಿ ಏನೇನು ಅವಕಾಶಗಳಿವೆ, ಪೋಷಕರು ಏನು ಕೇಳಬೇಕು ಎಂಬ ಮಾಹಿತಿ ಇಲ್ಲಿದೆ.

ಸಾಹಸ ಶಿಕ್ಷಕ ಎಂದರೆ ಯಾರು?

ಚಾರಣದ ಗೈಡ್ ದಾರಿ ತೋರಿಸುತ್ತಾನೆ. ಸಾಹಸ ಶಿಕ್ಷಕ ದಾರಿಯ ಜೊತೆಗೆ ಪಾಠವನ್ನೂ ಕಲಿಸುತ್ತಾನೆ. ಬಂಡೆ ಹತ್ತುವುದು, ಹೊಳೆ ದಾಟುವುದು, ಟೆಂಟ್ ಹಾಕಿ ಅಡುಗೆ ಮಾಡಿಕೊಳ್ಳುವುದು ಅವನ ಪಾಲಿಗೆ ಸಾಧನಗಳು. ಧೈರ್ಯ, ಹೊಂದಾಣಿಕೆ, ನಿರ್ಧಾರ ತೆಗೆದುಕೊಳ್ಳುವ ಶಕ್ತಿ, ನಿಸರ್ಗದ ಅರಿವು ಮಕ್ಕಳಲ್ಲಿ ಬೆಳೆಯುವುದೇ ಗುರಿ.

ಮಾಡಿ ಕಲಿಯುವ ಈ ವಿಧಾನಕ್ಕೆ ಅನುಭವಾತ್ಮಕ ಕಲಿಕೆ ಎಂಬ ಹೆಸರಿದೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1938ರಲ್ಲೇ ಅನುಭವ ಮತ್ತು ಶಿಕ್ಷಣದ ಸಂಬಂಧದ ಬಗ್ಗೆ ಪುಸ್ತಕ ಬರೆದರು. ಜರ್ಮನಿಯಿಂದ ಬ್ರಿಟನ್‌ಗೆ ಬಂದ ಶಿಕ್ಷಣ ತಜ್ಞ ಕರ್ಟ್ ಹಾನ್ 1941ರಲ್ಲಿ ವೇಲ್ಸ್‌ನ ಅಬರ್ಡೋವಿಯಲ್ಲಿ ಔಟ್‌ವರ್ಡ್ ಬೌಂಡ್ ಶಾಲೆ ಆರಂಭಿಸಿದರು. ಯುದ್ಧಕಾಲದಲ್ಲಿ ಯುವ ನಾವಿಕರಲ್ಲಿ ಬದುಕಿ ಉಳಿಯುವ ಮನೋಬಲ ಬೆಳೆಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್ 1965ರಲ್ಲಿ ಅಮೆರಿಕದಲ್ಲಿ ನೋಲ್ಸ್ ಸಂಸ್ಥೆ ಕಟ್ಟಿದ್ದು ಹೊರಾಂಗಣ ನಾಯಕರನ್ನು ತಯಾರು ಮಾಡುವುದಕ್ಕಾಗಿಯೇ. ತಾನು ಬೆಟ್ಟ ಹತ್ತಬಲ್ಲವನು ಇನ್ನೊಬ್ಬರನ್ನು ಹತ್ತಿಸಬಲ್ಲ ಎಂದು ಹೇಳಲಾಗದು, ಅದಕ್ಕೆ ಬೇರೆಯೇ ತರಬೇತಿ ಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು.

ಈಗ ಏಕೆ ಬೇಡಿಕೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಲ್ಲ ಹಂತಗಳಲ್ಲೂ ಅನುಭವಾತ್ಮಕ ಕಲಿಕೆಗೆ ಒತ್ತು ಕೊಟ್ಟಿದೆ. 6ರಿಂದ 8ನೇ ತರಗತಿಯ ಮಕ್ಕಳಿಗೆ 10 ಬ್ಯಾಗ್ ರಹಿತ ದಿನಗಳು ಇರಬೇಕು ಎಂದು ಅದು ಹೇಳುತ್ತದೆ. ಇದರ ಮಾರ್ಗಸೂಚಿ 2024ರ ಜುಲೈನಲ್ಲಿ ಬಿಡುಗಡೆಯಾಯಿತು. ಪುಸ್ತಕದ ಚೀಲ ಬಿಟ್ಟು ಮಕ್ಕಳು ಹೊರಗೆ ಹೋಗುವ ದಿನಗಳು ಹೆಚ್ಚುತ್ತಿದ್ದಂತೆ ಅವರನ್ನು ಕರೆದೊಯ್ಯುವವರ ಹೊಣೆಯೂ ಹೆಚ್ಚುತ್ತದೆ.

ಅದೇ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿ ತರಬೇತಿಯಲ್ಲಿ ಪಾಲ್ಗೊಳ್ಳಬೇಕು ಎಂದೂ ಹೇಳುತ್ತದೆ. ಹೆಚ್ಚಿನ ಶಿಕ್ಷಕರು ಇದನ್ನು ತರಗತಿಯ ವಿಷಯಗಳಿಗೇ ಬಳಸುತ್ತಾರೆ. ಪ್ರಥಮ ಚಿಕಿತ್ಸೆ, ಶಿಬಿರ ನಿರ್ವಹಣೆಯಂಥ ತರಬೇತಿಯನ್ನು ಈ ಲೆಕ್ಕಕ್ಕೆ ಸೇರಿಸಬಹುದೇ ಎಂದು ನಿಮ್ಮ ಮುಖ್ಯೋಪಾಧ್ಯಾಯರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಲಿಯಬೇಕಾದ ನಾಲ್ಕು ವಿಷಯಗಳು

1. ತಾಂತ್ರಿಕ ಕೌಶಲ: ಹಗ್ಗದ ಗಂಟುಗಳು, ಬಿಲೇ ಕೊಡುವುದು, ನಕ್ಷೆ ಮತ್ತು ದಿಕ್ಸೂಚಿ ಓದುವುದು, ಹವಾಮಾನ ಗಮನಿಸುವುದು, ಉಪಕರಣಗಳ ತಪಾಸಣೆ. ನೀರಿನ ಚಟುವಟಿಕೆಯಾದರೆ ಈಜು ಮತ್ತು ಜೀವರಕ್ಷಣೆ.

2. ಸುರಕ್ಷತೆ ಮತ್ತು ನಿರ್ಧಾರ: ಅಪಾಯವನ್ನು ಮೊದಲೇ ಅಂದಾಜು ಮಾಡುವುದು, ಎರಡನೇ ಯೋಜನೆ ಸಿದ್ಧವಿಡುವುದು, ವಾಪಸ್ ಹೊರಡುವ ಸಮಯವನ್ನು ಹೊರಡುವ ಮೊದಲೇ ನಿಗದಿ ಮಾಡುವುದು. ಶಿಖರಕ್ಕೆ ಇನ್ನು ಅರ್ಧ ಗಂಟೆಯ ದಾರಿ ಇದ್ದರೂ ಸಮಯ ಮೀರಿದರೆ 'ಸಾಕು, ಇಳಿಯೋಣ' ಎನ್ನಬಲ್ಲವನೇ ಒಳ್ಳೆಯ ನಾಯಕ.

3. ಪ್ರಥಮ ಚಿಕಿತ್ಸೆ: ಆಂಬುಲೆನ್ಸ್ ಹತ್ತು ನಿಮಿಷದಲ್ಲಿ ಬರುವ ಊರಿನ ಪ್ರಥಮ ಚಿಕಿತ್ಸೆಯೇ ಬೇರೆ, ನೆರವು ಬರಲು ಹತ್ತು ಗಂಟೆ ಬೇಕಾದ ಕಾಡಿನ ಪ್ರಥಮ ಚಿಕಿತ್ಸೆಯೇ ಬೇರೆ.

4. ಬೋಧನೆ: ಚಟುವಟಿಕೆ ಮುಗಿದ ಮೇಲೆ ಮಕ್ಕಳನ್ನು ಕೂರಿಸಿ ಮಾತನಾಡಿಸುವ ಕಲೆ. ಹೆಚ್ಚಿನ ಶಿಬಿರಗಳಲ್ಲಿ ಕೈಬಿಟ್ಟುಹೋಗುವುದು ಇದೇ.

ಕಿದ್ವಾಯಿ ನಗರದಿಂದ ನಾಲ್ಕನೇ ಮೆಟ್ರೋ ನಿಲ್ದಾಣ

ದಕ್ಷಿಣ ದೆಹಲಿಯ ಕಿದ್ವಾಯಿ ನಗರ ಕೇಂದ್ರ ಸರ್ಕಾರಿ ನೌಕರರ ವಸತಿ ಬಡಾವಣೆ. ಏಮ್ಸ್ ಆಸ್ಪತ್ರೆ, ಐಎನ್‌ಎ ಮಾರುಕಟ್ಟೆ, ದಿಲ್ಲಿ ಹಾಟ್ ಎಲ್ಲವೂ ಹತ್ತಿರ. ಇಲ್ಲಿ ಅಥವಾ ಆಸುಪಾಸಿನಲ್ಲಿ ವಾಸವಿರುವ ಕನ್ನಡಿಗರಿಗೆ ಒಂದು ಅನುಕೂಲವಿದೆ. ದೇಶದ ಪರ್ವತಾರೋಹಣದ ಕೇಂದ್ರ ಕಚೇರಿ ಅವರ ಮನೆಗೆ ಹತ್ತಿರದಲ್ಲೇ ಇದೆ.

ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ, ಅಂದರೆ ಐಎಂಎಫ್, ಇರುವುದು ಬೆನಿಟೊ ಹುವಾರೆಜ್ ಮಾರ್ಗದಲ್ಲಿ. ಐಎನ್‌ಎ ನಿಲ್ದಾಣದಲ್ಲಿ ಪಿಂಕ್ ಲೈನ್ ಮೆಟ್ರೋ ಹತ್ತಿದರೆ ಸರೋಜಿನಿ ನಗರ, ಭಿಕಾಜಿ ಕಾಮಾ ಪ್ಲೇಸ್, ನಮ್ಮ ಸರ್ ಎಂ. ವಿಶ್ವೇಶ್ವರಯ್ಯ ಅವರ ಹೆಸರಿನ ಮೋತಿಬಾಗ್ ನಿಲ್ದಾಣ ದಾಟಿ ನಾಲ್ಕನೆಯದು ದುರ್ಗಾಬಾಯಿ ದೇಶ್‌ಮುಖ್ ಸೌತ್ ಕ್ಯಾಂಪಸ್. ಅಲ್ಲಿಂದ ಆಟೋದಲ್ಲಿ ಹೋಗಬಹುದು.

ಹಿಮಾಲಯದ ಶಿಖರಗಳಿಗೆ ಹೋಗುವ ತಂಡಗಳಿಗೆ ಅನುಮತಿ ಕೊಡುವುದು, ವಿದೇಶಿ ತಂಡಗಳ ಜೊತೆ ಸಂಪರ್ಕಾಧಿಕಾರಿಗಳನ್ನು ಕಳುಹಿಸುವುದು, ಸ್ಪೋರ್ಟ್ ಕ್ಲೈಂಬಿಂಗ್ ಸ್ಪರ್ಧೆ ನಡೆಸುವುದು ಐಎಂಎಫ್ ಕೆಲಸ. ಆವರಣದಲ್ಲೇ ಹತ್ತುವ ಗೋಡೆಯಿದೆ. ನಿಜವಾದ ಬಂಡೆಯ ಮೇಲೆ ಅಭ್ಯಾಸ ಮಾಡಬೇಕೆನ್ನುವ ದೆಹಲಿಯ ಕ್ಲೈಂಬರ್‌ಗಳು ಹರಿಯಾಣದ ಫರೀದಾಬಾದ್ ಬಳಿಯ ಧೌಜ್‌ಗೆ ಹೋಗುತ್ತಾರೆ.

ದೆಹಲಿಯಲ್ಲಿ ಇನ್ನೂ ಎರಡು ಬಾಗಿಲುಗಳಿವೆ. ಚಾಣಕ್ಯಪುರಿಯಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನ ಕೇಂದ್ರ ಕಚೇರಿಯಿದೆ. ಅದರ ಹಿಮಾಲಯ ಚಾರಣಗಳಲ್ಲಿ ಸ್ವಯಂಸೇವಕರು ಕ್ಯಾಂಪ್ ಲೀಡರ್ ಆಗಿ ದುಡಿಯುತ್ತಾರೆ. ನೂರಾರು ಜನರ ಊಟ, ವಸತಿ, ಆರೋಗ್ಯ ನೋಡಿಕೊಳ್ಳುವ ಆ ಅನುಭವವನ್ನು ಯಾವ ಕೋರ್ಸ್ ಕೂಡ ಕಲಿಸಲಾರದು. ಇನ್ನೊಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್. ಅದರ ರಾಷ್ಟ್ರೀಯ ಕೇಂದ್ರ ಕಚೇರಿ ದೆಹಲಿಯಲ್ಲಿದ್ದರೆ, ರಾಷ್ಟ್ರೀಯ ಸಾಹಸ ಸಂಸ್ಥೆ ಮಧ್ಯಪ್ರದೇಶದ ಪಚ್‌ಮಡಿಯಲ್ಲಿದೆ.

ಪರ್ವತಾರೋಹಣ ಕೋರ್ಸ್‌ಗಳ ಮೆಟ್ಟಿಲು

ದೇಶದ ಪ್ರಮುಖ ಸಂಸ್ಥೆಗಳು ಇವು:

- ಹಿಮಾಲಯನ್ ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್: 1954ರ ನವೆಂಬರ್ 4ರಂದು ಆರಂಭ. ಎವರೆಸ್ಟ್ ಏರಿದ ತೇನ್‌ಸಿಂಗ್ ನೋರ್ಗೆ ಇಲ್ಲಿನ ಮೊದಲ ಕ್ಷೇತ್ರ ತರಬೇತಿ ನಿರ್ದೇಶಕರು.
- ನೆಹರು ಪರ್ವತಾರೋಹಣ ಸಂಸ್ಥೆ, ಉತ್ತರಕಾಶಿ: 1965ರಲ್ಲಿ ಸ್ಥಾಪನೆ.
- ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಮನಾಲಿ.
- ಜವಾಹರ್ ಪರ್ವತಾರೋಹಣ ಸಂಸ್ಥೆ, ಪಹಲ್ಗಾಮ್.
- ರಾಷ್ಟ್ರೀಯ ಪರ್ವತಾರೋಹಣ ಮತ್ತು ಸಾಹಸ ಕ್ರೀಡಾ ಸಂಸ್ಥೆ, ಅರುಣಾಚಲ ಪ್ರದೇಶದ ದಿರಾಂಗ್.
- ಬಂಡೆ ಹತ್ತುವುದಕ್ಕಾಗಿಯೇ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಗುಜರಾತ್ ಸರ್ಕಾರದ ಸ್ವಾಮಿ ವಿವೇಕಾನಂದ ಪರ್ವತಾರೋಹಣ ಸಂಸ್ಥೆ.

ಮೊದಲ ಮೆಟ್ಟಿಲು ಬೇಸಿಕ್ ಕೋರ್ಸ್. ಅವಧಿ ಸುಮಾರು ನಾಲ್ಕು ವಾರ. ಬಂಡೆ, ಮಂಜು, ಹಿಮಗಡ್ಡೆ ಮೂರರ ಮೇಲೂ ಅಭ್ಯಾಸವಿರುತ್ತದೆ. ಇದರಲ್ಲಿ 'ಎ' ಗ್ರೇಡ್ ಬಂದವರಿಗೆ ಮಾತ್ರ ಅಡ್ವಾನ್ಸ್ ಕೋರ್ಸ್‌ಗೆ ಅರ್ಹತೆ. ಅದೂ ಸುಮಾರು ನಾಲ್ಕು ವಾರ. ಅಲ್ಲಿ ಚೆನ್ನಾಗಿ ಮಾಡಿದವರು ಮುಂದೆ ಶೋಧ ಮತ್ತು ರಕ್ಷಣಾ ಕೋರ್ಸ್ ಹಾಗೂ ಬೋಧನಾ ವಿಧಾನ ಕೋರ್ಸ್ ಮಾಡಬಹುದು. ಇವು ಸುಮಾರು ಮೂರು ವಾರದವು.

ಸಾಹಸ ಶಿಕ್ಷಕರಾಗಬಯಸುವವರು ಗಮನಿಸಬೇಕಾದದ್ದು ಈ ಕೊನೆಯ ಬೋಧನಾ ವಿಧಾನ ಕೋರ್ಸ್. ಮೊದಲ ಎರಡು ನಿಮ್ಮನ್ನು ಪರ್ವತಾರೋಹಿ ಮಾಡುತ್ತವೆ. ಇದು ಬೋಧಕರನ್ನಾಗಿ ಮಾಡುತ್ತದೆ. ಬೇಸಿಕ್ ಕೋರ್ಸ್ ಪ್ರಮಾಣಪತ್ರ ಹಿಡಿದು 'ನಾನು ತರಬೇತುದಾರ' ಎಂದು ಹೇಳಿಕೊಳ್ಳುವವರು ಮೊದಲ ಮೆಟ್ಟಿಲ ಮೇಲಷ್ಟೇ ಇದ್ದಾರೆ ಎಂಬುದು ಶಾಲೆಗಳಿಗೆ ತಿಳಿದಿರಬೇಕು.

ಶುಲ್ಕ, ವಯೋಮಿತಿ, ವೈದ್ಯಕೀಯ ಷರತ್ತುಗಳು ಸಂಸ್ಥೆಯಿಂದ ಸಂಸ್ಥೆಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಬೇಡಿಕೆ ಜಾಸ್ತಿ ಇರುವುದರಿಂದ ಸೀಟುಗಳು ಬಹಳ ಮೊದಲೇ ತುಂಬುತ್ತವೆ. ಮುಂದಿನ ಬೇಸಿಗೆಗೆ ಹೋಗಬೇಕೆಂದಿದ್ದರೆ ಈ ಬೇಸಿಗೆಯಲ್ಲೇ ಅರ್ಜಿ ಹಾಕಿ. ದೇಹವನ್ನೂ ಅಂದೇ ಸಿದ್ಧಪಡಿಸಲು ಶುರು ಮಾಡಿ. ಭಾರದ ಚೀಲ ಹೊತ್ತು ಗಂಟೆಗಟ್ಟಲೆ ಏರುವುದು ಅಲ್ಲಿ ದಿನನಿತ್ಯದ ಕೆಲಸ.

ಬಿ.ಎಡ್ ಮುಗಿಸಿದವರು ಇದು ತಮ್ಮ ಹಾದಿಯಲ್ಲ ಎಂದುಕೊಳ್ಳಬೇಕಿಲ್ಲ. 1984ರ ಮೇ 23ರಂದು ಎವರೆಸ್ಟ್ ಏರಿದ ಭಾರತದ ಮೊದಲ ಮಹಿಳೆ ಬಚೇಂದ್ರಿ ಪಾಲ್ ಕೂಡ ಬಿ.ಎಡ್ ಪದವೀಧರೆ. ಉತ್ತರಕಾಶಿಯಲ್ಲಿ ತರಬೇತಿ ಪಡೆದ ಅವರು ಮುಂದೆ ಟಾಟಾ ಸ್ಟೀಲ್ ಸಾಹಸ ಪ್ರತಿಷ್ಠಾನದಲ್ಲಿ ದಶಕಗಳ ಕಾಲ ಬೇರೆಯವರಿಗೆ ಸಾಹಸ ಕಲಿಸಿದರು.

ಕರ್ನಾಟಕದಲ್ಲಿ ಎಲ್ಲೆಲ್ಲಿ?

ರಾಜ್ಯದಲ್ಲಿ ಈ ಕ್ಷೇತ್ರದ ಸರ್ಕಾರಿ ಸಂಸ್ಥೆ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಇದು ಕೆಲಸ ಮಾಡುತ್ತದೆ. 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೊಡಗಿನ ಕೆ.ಎಸ್. ತಿಮ್ಮಯ್ಯ ಅವರ ಹೆಸರನ್ನು ಇದಕ್ಕೆ ಇಡಲಾಗಿದೆ.

ಅಭ್ಯಾಸಕ್ಕೆ ನಮ್ಮ ರಾಜ್ಯದಷ್ಟು ಅನುಕೂಲ ಬೇರೆಡೆ ಸಿಗುವುದು ಅಪರೂಪ. ರಾಮನಗರದ ಕಗ್ಗಲ್ಲು, ಬಾದಾಮಿಯ ಮರಳುಗಲ್ಲು ದೇಶದ ಕ್ಲೈಂಬರ್‌ಗಳಿಗೆಲ್ಲ ಪರಿಚಿತ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಕೃತಕ ಗೋಡೆಯಿದೆ.

ಶಾಲಾ ಶಿಕ್ಷಕರಿಗೆ ಅತ್ಯಂತ ಸುಲಭದ ದಾರಿ ಸ್ಕೌಟ್ಸ್ ಅಂಡ್ ಗೈಡ್ಸ್. ಬೇಸಿಕ್, ಅಡ್ವಾನ್ಸ್, ಆಮೇಲೆ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಹಂತಗಳಲ್ಲಿ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ದೊಡ್ಡಬಳ್ಳಾಪುರ ಮತ್ತು ಕೊಂಡಜ್ಜಿಯಲ್ಲಿ ತರಬೇತಿ ಕೇಂದ್ರಗಳಿವೆ. ಎನ್‌ಸಿಸಿ ಅಧಿಕಾರಿಗಳಾಗಿರುವ ಉಪನ್ಯಾಸಕರಿಗೆ ಎನ್‌ಸಿಸಿ ಮೂಲಕವೇ ಶಿಬಿರ, ಚಾರಣಗಳ ಅನುಭವ ಸಿಗುತ್ತದೆ.

ಕಾಡಿನ ಪಾಠ ಹೇಳಬಯಸುವವರಿಗೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್‌ನ ನ್ಯಾಚುರಲಿಸ್ಟ್ ತರಬೇತಿ ಉಪಯುಕ್ತ. ನೀರಿನ ಚಟುವಟಿಕೆಗೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಲ್ಲಿ ಜೀವರಕ್ಷಕ ತರಬೇತಿ ಇದೆ. ಕರಾವಳಿ ಪ್ರವಾಸ ಏರ್ಪಡಿಸುವ ಶಾಲೆಗಳು ಒಬ್ಬ ಶಿಕ್ಷಕರನ್ನಾದರೂ ಇಂಥ ತರಬೇತಿಗೆ ಕಳುಹಿಸಿದರೆ ಆ ಖರ್ಚು ವ್ಯರ್ಥವಾಗದು.

ಪ್ರಥಮ ಚಿಕಿತ್ಸೆ: ಮೊದಲು ಮಾಡಬೇಕಾದ ಕೋರ್ಸ್

ಹಿಮಾಲಯಕ್ಕೆ ಹೋಗುವ ಮೊದಲು, ಇನ್ನಾವ ಕೋರ್ಸ್‌ಗೂ ಮೊದಲು ಮಾಡಬೇಕಾದದ್ದು ಇದು. ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ರೆಡ್‌ಕ್ರಾಸ್ ದೇಶದ ಹಲವು ನಗರಗಳಲ್ಲಿ ಪ್ರಥಮ ಚಿಕಿತ್ಸಾ ತರಬೇತಿ ನಡೆಸುತ್ತವೆ.

ಮುಂದಿನ ಹಂತ ಅರಣ್ಯ ಪ್ರದೇಶದ ಪ್ರಥಮ ಚಿಕಿತ್ಸೆ. ಚಿಕ್ಕ ಕೋರ್ಸ್ ಎರಡು ದಿನ, ಸುಮಾರು 16 ಗಂಟೆಯದು. ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ ಎಂಬ ಪೂರ್ಣ ಕೋರ್ಸ್ 70ರಿಂದ 80 ಗಂಟೆಯದು. ಸಾಹಸ ಶಿಕ್ಷಕರ ನೇಮಕದಲ್ಲಿ ಜಗತ್ತಿನಾದ್ಯಂತ ಕೇಳುವುದು ಇದನ್ನೇ. ಮಸ್ಸೂರಿಯ ವುಡ್‌ಸ್ಟಾಕ್ ಶಾಲೆಯ ಹ್ಯಾನಿಫ್ಲ್ ಕೇಂದ್ರ ನಮ್ಮ ದೇಶದಲ್ಲಿ ಹೊರಾಂಗಣ ಶಿಕ್ಷಣ ಮತ್ತು ಈ ಬಗೆಯ ವೈದ್ಯಕೀಯ ತರಬೇತಿಗೆ ಹೆಸರಾದದ್ದು. ನೆನಪಿಡಿ, ಇಂಥ ಪ್ರಮಾಣಪತ್ರಗಳ ಅವಧಿ ಎರಡು ಅಥವಾ ಮೂರು ವರ್ಷ ಮಾತ್ರ. ಆಮೇಲೆ ಮರುತರಬೇತಿ ಬೇಕು.

ಈ ಕೋರ್ಸ್‌ಗಳಲ್ಲಿ ಕಲಿಸುವ, ಪ್ರತಿ ಶಿಕ್ಷಕರೂ ತಿಳಿದಿರಬೇಕಾದ ಕೆಲವು ಸರಳ ಸೂತ್ರಗಳು:

- ಎತ್ತರ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿ ಬೇಕು. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ ಕಂಡರೆ ಕಾಯದೆ ಕೆಳಗಿಳಿಸಬೇಕು.
- ಚಳಿ: ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ದೇಹದ ಶಾಖ ಬೇಗ ಕುಸಿಯುತ್ತದೆ. ನಡುಗುತ್ತಿದ್ದವರು ನಡುಗುವುದನ್ನು ನಿಲ್ಲಿಸಿ ಮಂಕಾದರೆ ಅದು ಸುಧಾರಣೆಯಲ್ಲ, ಅಪಾಯದ ಸೂಚನೆ.
- ಸಿಡಿಲು: ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಬಯಲು, ಬೆಟ್ಟದ ನೆತ್ತಿ, ಒಂಟಿ ಮರದಡಿ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಅಲ್ಲೇ ಇರಬೇಕು.
- ಕಡಲು: ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆಗೆ ನೇರ ಈಜಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡ ಸೇರಬೇಕು. ಜೀವರಕ್ಷಕರಿಲ್ಲದ ಕಡೆ ಮಕ್ಕಳನ್ನು ನೀರಿಗೆ ಇಳಿಸಲೇಬಾರದು.

ಚಟುವಟಿಕೆಯ ನಂತರದ ಮಾತುಕತೆ

ಅಮೆರಿಕದ ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದ ಕಲಿಕೆಯನ್ನು ಒಂದು ಚಕ್ರದಂತೆ ವಿವರಿಸಿದರು. ಮೊದಲು ಅನುಭವ, ಆಮೇಲೆ ಅದರ ಅವಲೋಕನ, ನಂತರ ಅದರಿಂದ ಅರ್ಥ ಹುಡುಕುವುದು, ಕೊನೆಗೆ ಹೊಸ ಸಂದರ್ಭದಲ್ಲಿ ಅದನ್ನು ಪ್ರಯೋಗಿಸುವುದು. ಚಕ್ರ ಪೂರ್ತಿಯಾಗದಿದ್ದರೆ ಉಳಿಯುವುದು ಫೋಟೋಗಳು ಮಾತ್ರ.

ಇದನ್ನು ಮಕ್ಕಳ ಜೊತೆ ಮಾಡಲು ಮೂರು ಪ್ರಶ್ನೆ ಸಾಕು. ಏನಾಯಿತು? ಅದರಿಂದ ಏನು ಗೊತ್ತಾಯಿತು? ಇನ್ನು ಮುಂದೆ ಏನು ಮಾಡುತ್ತೀರಿ?

ಒಂದು ಉದಾಹರಣೆ ನೋಡಿ. ಬಂಡೆ ಹತ್ತುತ್ತಿದ್ದ ಹುಡುಗನೊಬ್ಬ ಅರ್ಧದಲ್ಲಿ ಹೆದರಿ ನಿಂತುಬಿಟ್ಟ ಎಂದುಕೊಳ್ಳಿ. ಕೆಳಗಿನಿಂದ ಗೆಳೆಯರು 'ಹತ್ತೋ, ಹತ್ತೋ' ಎಂದು ಕೂಗುತ್ತಿದ್ದಾರೆ. ತರಬೇತಿ ಇಲ್ಲದವರು ತಾವೂ ಕೂಗುತ್ತಾರೆ. ತರಬೇತಿ ಪಡೆದವರು ಎಲ್ಲರನ್ನೂ ಸುಮ್ಮನಿರಿಸಿ, 'ಇಳಿಯಬೇಕೆ, ಒಂದೇ ಒಂದು ಹೆಜ್ಜೆ ನೋಡುತ್ತೀಯಾ?' ಎಂದು ಅವನನ್ನೇ ಕೇಳುತ್ತಾರೆ. ಅವನು ಇಳಿದರೂ ಅದು ಸೋಲಲ್ಲ. ಸವಾಲು ಎಷ್ಟಿರಬೇಕೆಂಬ ಆಯ್ಕೆ ಕಲಿಯುವವನದೇ ಎಂಬ ಈ ತತ್ವವನ್ನು ಜನಪ್ರಿಯಗೊಳಿಸಿದ್ದು 1971ರಲ್ಲಿ ಅಮೆರಿಕದಲ್ಲಿ ಆರಂಭವಾದ ಪ್ರಾಜೆಕ್ಟ್ ಅಡ್ವೆಂಚರ್. ಸಂಜೆ ಮಾತಿಗೆ ಕೂತಾಗ ಆ ಹುಡುಗನನ್ನು ಮಾತ್ರವಲ್ಲ, ಕೂಗಿದವರನ್ನೂ ಕೇಳಬೇಕು: ನಿಮ್ಮ ಕೂಗು ಅವನಿಗೆ ನೆರವಾಯಿತೇ?

ತರಬೇತಿ ಇದ್ದರೆ ಅಪಾಯವೇ ಇಲ್ಲವೇ?

ಹಾಗೆ ಹೇಳಲಾಗದು. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಪರ್ವತದಲ್ಲಿ ನೆಹರು ಪರ್ವತಾರೋಹಣ ಸಂಸ್ಥೆಯ ಅಡ್ವಾನ್ಸ್ ಕೋರ್ಸ್ ತಂಡದ ಮೇಲೆ ಹಿಮಪಾತವಾಗಿ 29 ಮಂದಿ ಬಲಿಯಾದರು. ಅವರಲ್ಲಿ ಕರ್ನಾಟಕದ ಯುವಕರೂ ಇದ್ದರು. ಅದೇ ವರ್ಷ ಮೇ ತಿಂಗಳಲ್ಲಿ 16 ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಏರಿದ್ದ ಬೋಧಕಿ ಸವಿತಾ ಕಂಸ್ವಾಲ್ ಕೂಡ ಅಲ್ಲೇ ಪ್ರಾಣ ಬಿಟ್ಟರು.

ಪರ್ವತ ಯಾರ ಪ್ರಮಾಣಪತ್ರವನ್ನೂ ನೋಡುವುದಿಲ್ಲ. ತರಬೇತಿ ಅಪಾಯವನ್ನು ಇಲ್ಲವಾಗಿಸುವುದಿಲ್ಲ, ಕಡಿಮೆ ಮಾಡುತ್ತದೆ, ಅಪಾಯ ಬಂದಾಗ ಉಳಿದವರನ್ನು ಉಳಿಸಲು ನೆರವಾಗುತ್ತದೆ. ಅದಕ್ಕೇ ಈ ವೃತ್ತಿಯಲ್ಲಿ ಕಲಿಕೆ ಒಂದು ಕೋರ್ಸ್‌ಗೆ ಮುಗಿಯುವುದಿಲ್ಲ. ಅನುಭವಿಗಳು ಪ್ರತಿ ಪ್ರವಾಸದ ದಿನಚರಿ ಬರೆದಿಡುತ್ತಾರೆ. ಎಷ್ಟು ದಿನ, ಎಷ್ಟು ಜನ, ಹವಾಮಾನ ಹೇಗಿತ್ತು, ಎಲ್ಲಿ ಕೂದಲೆಳೆಯಲ್ಲಿ ಪಾರಾದೆವು ಎಂಬುದೆಲ್ಲ ಅದರಲ್ಲಿರುತ್ತದೆ. ಆ ಕೊನೆಯ ಕಾಲಂ ಖಾಲಿ ಬಿಡದೆ ಪ್ರಾಮಾಣಿಕವಾಗಿ ತುಂಬುವವರೇ ಮುಂದೆ ಒಳ್ಳೆಯ ಬೋಧಕರಾಗುತ್ತಾರೆ.

ನಿಯಮ, ಮಾನದಂಡಗಳು ಏನಿವೆ?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮತ್ತು ಸಾಹಸ ಪ್ರವಾಸ ನಿರ್ವಾಹಕರ ಸಂಘ 2018ರಲ್ಲಿ ಭಾರತೀಯ ಸಾಹಸ ಪ್ರವಾಸೋದ್ಯಮ ಮಾರ್ಗಸೂಚಿ ಹೊರತಂದವು. ನೆಲ, ಜಲ, ವಾಯು ಚಟುವಟಿಕೆಗಳಿಗೆ ಬೇಕಾದ ಉಪಕರಣ, ಸಿಬ್ಬಂದಿ ಅರ್ಹತೆ, ತುರ್ತು ಯೋಜನೆಯ ವಿವರ ಅದರಲ್ಲಿದೆ. ಅಂತರರಾಷ್ಟ್ರೀಯವಾಗಿ ಐಎಸ್‌ಒ 21101 ಸುರಕ್ಷತಾ ನಿರ್ವಹಣೆಗೆ, ಐಎಸ್‌ಒ 21102 ನಾಯಕರ ಅರ್ಹತೆಗೆ ಸಂಬಂಧಿಸಿದ ಮಾನದಂಡಗಳು.

ಕರ್ನಾಟಕದಲ್ಲಿ 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಕುಮಾರ ಪರ್ವತಕ್ಕೆ ಜನಸಾಗರವೇ ಹರಿದುಬಂದ ಬಳಿಕ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯಗೊಳಿಸುವ ಕ್ರಮ ಕೈಗೊಂಡಿತು. ಶಾಲಾ ತಂಡವಾದರೂ ಅನುಮತಿಯಿಲ್ಲದೆ ಅರಣ್ಯ ಪ್ರವೇಶಿಸುವಂತಿಲ್ಲ.

ಸರ್ಕಾರಿ ನೌಕರರಿಗೆ ರಜೆ ಸಿಗುತ್ತದೆಯೇ?

ಐಎಂಎಫ್ ಅನುಮೋದಿಸಿದ ಪರ್ವತಾರೋಹಣಗಳಲ್ಲಿ ಪಾಲ್ಗೊಳ್ಳಲು ಕೇಂದ್ರ ಸರ್ಕಾರಿ ನೌಕರರಿಗೆ ವಿಶೇಷ ಸಾಂದರ್ಭಿಕ ರಜೆಯ ಅವಕಾಶವಿದೆ. ನೌಕರರಲ್ಲಿ ಸಾಹಸ ಚಟುವಟಿಕೆ ಉತ್ತೇಜಿಸಲು ಸಿಬ್ಬಂದಿ ಮತ್ತು ತರಬೇತಿ ಇಲಾಖೆಯ ಯೋಜನೆಯೂ ಇದೆ. ಷರತ್ತುಗಳು ಬದಲಾಗುವುದರಿಂದ ಇತ್ತೀಚಿನ ಸುತ್ತೋಲೆಯನ್ನು ನಿಮ್ಮ ಕಚೇರಿಯ ಆಡಳಿತ ವಿಭಾಗದಲ್ಲಿ ವಿಚಾರಿಸಿ.

ಪೋಷಕರು ಕೇಳಬೇಕಾದ 6 ಪ್ರಶ್ನೆಗಳು

ಶಾಲೆಯಿಂದ ಶಿಬಿರ ಅಥವಾ ಪ್ರವಾಸದ ಚೀಟಿ ಬಂದಾಗ ಸಹಿ ಹಾಕುವ ಮೊದಲು ಇವನ್ನು ಕೇಳಿ:

1. ತಂಡದ ನಾಯಕರು ಯಾರು? ಯಾವ ಕೋರ್ಸ್ ಮಾಡಿದ್ದಾರೆ, ಯಾವಾಗ?
2. ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರದ ಅವಧಿ ಇನ್ನೂ ಇದೆಯೇ?
3. ಎಷ್ಟು ಮಕ್ಕಳಿಗೆ ಒಬ್ಬರು ದೊಡ್ಡವರು? ಹೆಣ್ಣುಮಕ್ಕಳ ಜೊತೆ ಶಿಕ್ಷಕಿಯರು ಇದ್ದಾರೆಯೇ?
4. ನೀರಿಗೆ ಇಳಿಯುವ ಕಾರ್ಯಕ್ರಮ ಇದೆಯೇ? ಇದ್ದರೆ ಜೀವರಕ್ಷಕರು, ಲೈಫ್ ಜಾಕೆಟ್ ಇವೆಯೇ?
5. ಹತ್ತಿರದ ಆಸ್ಪತ್ರೆ ಯಾವುದು? ಅಲ್ಲಿಗೆ ತಲುಪಲು ಎಷ್ಟು ಹೊತ್ತು? ವಾಹನ ಸ್ಥಳದಲ್ಲೇ ಇರುತ್ತದೆಯೇ?
6. ಮಳೆ ಬಂದರೆ, ತಡವಾದರೆ ಬೇರೆ ಯೋಜನೆ ಏನು?

ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವ ಶಾಲೆ ಸಿದ್ಧತೆ ಮಾಡಿಕೊಂಡಿದೆ ಎಂದು ತಿಳಿಯಬಹುದು. 'ಏನೂ ಆಗಲ್ಲ ಬಿಡಿ' ಎಂಬ ಉತ್ತರ ಬಂದರೆ ಇನ್ನೊಮ್ಮೆ ಯೋಚಿಸಿ.

ಇಷ್ಟೆಲ್ಲ ಓದಿ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಪರಿಹಾರವಲ್ಲ. ಬೆಟ್ಟ, ಕಾಡು, ಕಡಲು ಕಲಿಸುವುದನ್ನು ನಾಲ್ಕು ಗೋಡೆಗಳು ಕಲಿಸಲಾರವು. ಮಕ್ಕಳು ಹೊರಗೆ ಹೋಗಲಿ. ಅವರ ಮುಂದೆ ನಡೆಯುವವರು ಮೊದಲು ಕಲಿತು ಹೋಗಲಿ.